ಐ.ಡಿ.ಹಳ್ಳಿ ಹಾದಿಯ ನಾಲ್ಕು ಕಾಸು

ದೆವ್ವ, ಶಕುನ, ಗಾಳಿಸೋಂಕು ಎಂದರೆ ಮೂಗು ಮುರಿಯುತ್ತಿದ್ದವಳು ನಾನು. ಓದಿದ್ದು ಕಾನ್ವೆಂಟಿನಲ್ಲಿ. ಬೆಕ್ಕು ಅಡ್ಡ ಬಂದಿತೆಂದು ನಿಂತರೆ ಸಿಸ್ಟರ್ ಬೆರಳ ಗೆಣ್ಣಿನ ಮೇಲೆ ರೂಲರಿನಿಂದ ಹೊಡೆಯುತ್ತಿದ್ದರು. ‘ಸೂಪರ್‌ಸ್ಟಿಷನ್’ ಪದದ ಸ್ಪೆಲಿಂಗ್ ನನಗೆ ಬಾಯಿಪಾಠವಾದದ್ದೇ ಹಾಗೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಐವತ್ತರ ದಶಕದ ಕೊನೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇವರು ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದು, ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆಯುತ್ತಿದ್ದವರು. ಆಮೇಲೆ ಮಧುಗಿರಿಯಲ್ಲಿ ರಸ್ತೆ ಕೆಲಸದ ಓವರ್‌ಸೀಯರ್ ಆದರು. ಬೆಟ್ಟದ ಬುಡದಲ್ಲಿ ನಮ್ಮ ಬಾಡಿಗೆ ಮನೆ. ಬೇಸಗೆಯಲ್ಲಿ ಬಂಡೆಯ ಕಾವು ಗೋಡೆಯೊಳಗೇ ಕೂತಿರುತ್ತಿತ್ತು. ಸೈನ್ಯದ ಹಳೆ ಸಾಮಾನಿನ ಹರಾಜಿನಲ್ಲಿ ಇವರು ಒಂದು ಮೈನ್ ಡಿಟೆಕ್ಟರ್ ಕೊಂಡು ತಂದಿದ್ದರು. ಉದ್ದನೆಯ ಕೋಲು, ಅದರ ತುದಿಗೆ ತಟ್ಟೆ, ಬೆನ್ನಿಗೆ ಬ್ಯಾಟರಿ ಪೆಟ್ಟಿಗೆ, ಕಿವಿಗೆ ಹೆಡ್‌ಫೋನ್. ಬೇರೆಯವರು ಭಾನುವಾರ ಇಸ್ಪೀಟು ಆಡಿದರೆ, ಇವರು ಮೋಟಾರ್ ಸೈಕಲ್ಲಿನಲ್ಲಿ ಸಿರಾ, ಕೊರಟಗೆರೆ ಸುತ್ತಿ ಹಳೆ ನಾಣ್ಯ ಹುಡುಕುತ್ತಿದ್ದರು.

ಆ ಹಾಬಿ ನಾನಿಲ್ಲದೆ ನಡೆಯುತ್ತಿರಲಿಲ್ಲ. ಸಿಡಿತದ ಸದ್ದಿಗೆ ಇವರ ಕಿವಿ ಮಂದವಾಗಿತ್ತು. ಎದುರಿನ ಮಾತು ಕೇಳುತ್ತಿತ್ತು, ಆ ಯಂತ್ರದ ಸಣ್ಣ ದನಿ ಮಾತ್ರ ಕೇಳುತ್ತಿರಲಿಲ್ಲ. ಹಾಗಾಗಿ ಕೋಲು ಇವರದು, ಕಿವಿ ನನ್ನದು. ಲೋಹ ಸಿಕ್ಕರೆ ಗುಂಯ್‌ಗುಡುತ್ತಿದ್ದ ದನಿ ಸಣ್ಣಗೆ ಏರುತ್ತಿತ್ತು. ನಾನು ಕೈ ಎತ್ತುತ್ತಿದ್ದೆ, ಇವರು ಅಗೆಯುತ್ತಿದ್ದರು. ನನ್ನ ಮೈಮೇಲೆ ಲೋಹವಿದ್ದರೆ ಯಂತ್ರ ಸುಮ್ಮನೆ ಕೂಗುತ್ತದೆಂದು ತಾಳಿಸರ, ಓಲೆ, ಕಾಲುಂಗುರ ಎಲ್ಲ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಗಾಡಿಯ ಚೀಲಕ್ಕೆ ಹಾಕುತ್ತಿದ್ದೆ. ಗಾಜಿನ ಬಳೆಯ ಸದ್ದು ಅಡ್ಡ ಬರುತ್ತದೆಂದು ಅದನ್ನೂ ತೆಗೆಯುತ್ತಿದ್ದೆ. ನಮಗೆ ಅದು ಬರೀ ಅನುಕೂಲದ ಮಾತು, ಅಷ್ಟೆ. ಅತ್ತೆ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು.

ಅವತ್ತು ಐ.ಡಿ.ಹಳ್ಳಿ ಕಡೆಯ ಒಂದು ಪಾಳು ಹೊಲ. ನೆತ್ತಿ ಸುಡುವ ಮಧ್ಯಾಹ್ನ. ಗೇಣುದ್ದ ಅಗೆಯುವುದರೊಳಗೆ ಒಂದು ತಾಮ್ರದ ಕಾಸು ಸಿಕ್ಕಿತು. ಎರಡು ಹೆಜ್ಜೆ ಆಚೆ ಇನ್ನೊಂದು. ಮತ್ತೆರಡು ಹೆಜ್ಜೆಗೆ ಮತ್ತೊಂದು, ನಾಲ್ಕನೆಯದೂ ಅಷ್ಟೇ ದೂರಕ್ಕೆ. ನೇರ ಸಾಲು. “ಯಾವನದೋ ಚೀಲ ತೂತಾಗಿ ಉದುರಿಸಿಕೊಂಡು ಹೋಗಿದ್ದಾನೆ ಕಣೇ!” ಎಂದು ಇವರು ಹುಡುಗರ ಹಾಗೆ ಹಿಗ್ಗಿದರು. ಮಣ್ಣಿನಲ್ಲಿ ಬಿಳಿ ಚೂರುಗಳಿದ್ದವು. ಸುಣ್ಣಕಲ್ಲು ಎಂದರು, ನಾನೂ ಒಪ್ಪಿದೆ.

ಐದನೆಯದನ್ನು ಹುಡುಕುತ್ತ ಇವರು ಕೋಲು ಹಿಡಿದು ನಿಂತಿದ್ದಾಗ ಮೇಕೆ ಕಾಯುವ ಮುದುಕಿಯೊಬ್ಬಳು ಬಂದು ನನ್ನ ಪಕ್ಕ ಕೂತಳು. ನಾನು ಹೆಡ್‌ಫೋನ್ ತೆಗೆದೆ.

“ಆವಯ್ಯ ಯಾಕವ್ವಾ ಹೊಲಕ್ಕೆ ಇಸ್ತ್ರಿ ಉಜ್ತಾವ್ನೆ?”

ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನ ಕತ್ತು, ಕೈ, ಕಾಲು ನೋಡಿದಳು. ಬೆವರಿಗೆ ನನ್ನ ಕುಂಕುಮವೂ ಅಳಿಸಿಹೋಗಿತ್ತು.

“ನಿಮ್ಮಣ್ಣನಾ? ಪಾಪ, ನಿನ್ ಯಜಮಾನ್ರು ಹೋಗಿ ಎಷ್ಟ್ ದಿನ ಆಯ್ತವ್ವಾ?”

“ಅಯ್ಯೋ, ಅವರೇ ನಮ್ಮ ಯಜಮಾನರು!”

ಮುದುಕಿ ಬಾಯಿ ಮುಚ್ಚಿಕೊಂಡಳು. ಥೂ ಥೂ ಎಂದು ಮೂರು ಸಲ ನೆಲಕ್ಕೆ ಉಗಿದಳು. “ಬಾಯ್‌ತಪ್ಪಿ ಬಂದ್ಬುಡ್ತು ಕಣಮ್ಮ. ಇಂಥ ಜಾಗದಾಗೆ ಆಡ್ಬಾರ್ದಾಗಿತ್ತು.”

ಎಂಥ ಜಾಗ ಎಂದೆ. ಇವರು ತಂದು ತೋರಿಸಿದ ಕಾಸುಗಳನ್ನು ಅವಳು ಮುಟ್ಟಲೂ ಇಲ್ಲ. “ಉದುರಿದ್ದಲ್ಲ ಕಣಪ್ಪ, ಮಡಗಿರೋದು. ವಾಂತಿಭೇದಿ ಬಂದ ವರ್ಸ ಒಂದೇ ದಿನ ಸಾಲಾಗಿ ಮಣ್ಣು ಮಾಡಿದ್ರಂತೆ, ನಮ್ಮಜ್ಜಿ ಹೇಳೋಳು. ಒಬ್ಬೊಬ್ರ ಹಣೆ ಮ್ಯಾಲೆ ಒಂದೊಂದು ಕಾಸು. ತಗಂಡ್ ಕಡೆನೇ ಮಡಗ್ಬುಡಿ.”

ಸತ್ತವರ ಹಣೆಗೆ ಕಾಸು ಅಂಟಿಸುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಸಾಲು ನೋಡಿದಾಗ ಅದು ತಲೆಗೇ ಹೊಳೆದಿರಲಿಲ್ಲ. ಓಡಿಹೋಗಿ ತಾಳಿ ಹಾಕಿಕೊಂಡೆ. ಇವರು ನಾನ್‌ಸೆನ್ಸ್ ಎಂದು ನಕ್ಕು ಕಾಸುಗಳನ್ನು ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದ ಮೇಲೂ ನನಗೆ ಅನ್ನ ಇಳಿಯಲಿಲ್ಲ. ಇವರು ಕಾಸುಗಳನ್ನು ಕಿಟಕಿಯ ಮೇಲಿಟ್ಟು, ಚಾಪೆಯ ಮೇಲೆ ಅಂಗಾತ ಮಲಗಿ, “ಬಾ ಕಾನ್ವೆಂಟಮ್ಮ, ನನಗೂ ಇಸ್ತ್ರಿ ಉಜ್ಜು. ಏನೂ ಇಲ್ಲ ಅಂತ ಗೊತ್ತಾದ ಮೇಲೆ ಊಟ ಮಾಡು” ಎಂದರು. ತಾಳಿ ಬಿಚ್ಚಲು ಕೈ ಬರಲಿಲ್ಲ. ಸೆರಗಿನ ತುದಿಗೆ ಸುತ್ತಿ ಬೆನ್ನಿಗೆ ಎಸೆದುಕೊಂಡೆ. ಹೆಡ್‌ಫೋನ್ ಹಾಕಿಕೊಂಡು ಪಾದದಿಂದ ತಟ್ಟೆ ಆಡಿಸುತ್ತ ಬಂದೆ. ಮೊಣಕಾಲು, ಹೊಟ್ಟೆ, ಎದೆ. ಬರೀ ಗುಂಯ್. ಹಣೆಯ ಮೇಲೆ ಬಂದಾಗ ದನಿ ಏರಿತು. ಆ ಹೊಲದಲ್ಲಿ ನಾಲ್ಕು ಸಲ ಕೇಳಿದ್ದ ದನಿಯೇ.

ನನ್ನ ಮುಖ ನೋಡಿಯೇ ಇವರು ಎದ್ದು ಕೂತರು. ಜಾಗ ಬದಲಿಸಿ ಹಜಾರದಲ್ಲಿ ಮಲಗಿದರು, ಅಲ್ಲೂ ಹಾಗೇ ಆಯಿತು. ಇವರಿಲ್ಲದ ಬರೀ ಚಾಪೆಯ ಮೇಲೆ ಆಡಿಸಿದರೆ ಸದ್ದಿಲ್ಲ. ಸಿಡಿಗುಂಡಿನ ಚೂರೇನಾದರೂ ತಲೆಯಲ್ಲಿ ಉಳಿದಿರಬಹುದೆಂದು ಬೆಂಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಕ್ಲೀನ್ ಎಂದರು ಡಾಕ್ಟರು. ಕೈಯಿಂದ ಸಿಡಿಗುಂಡು ಬಿಚ್ಚಿದ್ದ ಮನುಷ್ಯ ಆ ವಾರ ಎರಡು ಸಲ ಗಡ್ಡ ಹೆರೆದುಕೊಳ್ಳುವಾಗ ಮುಖ ಕೊಯ್ದುಕೊಂಡರು.

ಮುಂದಿನ ಭಾನುವಾರ ಹೋಗಿ ನಾಲ್ಕೂ ಕಾಸನ್ನು ಅವುಗಳ ಗುಂಡಿಗೇ ಹಾಕಿ ಮಣ್ಣು ಮುಚ್ಚಿದೆವು. ಮನೆಗೆ ಬಂದವರೇ ಇವರು ಚಾಪೆ ಹಾಸಿದರು. “ನೋಡೇ ಬಿಡೋಣ” ಎಂದರು. ಬೇಡ ಎಂದೆ. ಕೇಳಲಿಲ್ಲ. ಕಣ್ಣು ಮುಚ್ಚಿ ಮಲಗಿದವರ ರೆಪ್ಪೆ ಅದುರುತ್ತಿತ್ತು. ನಾನು ಪಾದದಿಂದ ಹಣೆಯವರೆಗೆ ತಟ್ಟೆ ಆಡಿಸಿದೆ.

“ಏನೂ ಇಲ್ಲ” ಎಂದೆ.

ಇವರು ದೊಡ್ಡದಾಗಿ ಉಸಿರು ಬಿಟ್ಟು, ಮಗ್ಗುಲಾಗಿ, ಮಗುವಿನಂತೆ ನಿದ್ದೆ ಹೋದರು. ಓದುವ ನಿಮಗೆ ನಿಜ ಹೇಳುತ್ತೇನೆ. ದನಿ ಬಂದಿತ್ತು. ಮೊದಲಿಗಿಂತಲೂ ಸ್ಪಷ್ಟವಾಗಿ.

ಆ ಯಂತ್ರವನ್ನು ಹಟ ಹಿಡಿದು ಗುಜರಿಗೆ ಹಾಕಿಸಿದೆ. ಇವರು ಆಮೇಲೆ ಇಪ್ಪತ್ತೊಂದು ವರ್ಷ ಗಟ್ಟಿಮುಟ್ಟಾಗಿ ಬದುಕಿದರು. ಕಾಗೆ ಕೂತು ಟೊಂಗೆ ಮುರಿದ ಹಾಗೆ ಎಂದುಕೊಳ್ಳೋಣವೆಂದರೆ ಟೊಂಗೆಯೂ ಮುರಿಯಲಿಲ್ಲವಲ್ಲ! ಹಾಗಾದರೆ ನನ್ನ ಕಿವಿಗೆ ಕೇಳಿದ್ದಾದರೂ ಏನು? ಭಯವೇ ದನಿಯಾಯಿತೇ? ಇವರು ಮಧ್ಯಾಹ್ನ ಕಣ್ಣು ಮುಚ್ಚಿದಾಗಲೆಲ್ಲ ಎದೆ ಏರಿಳಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ನೆಂಟರು ಬಂದಾಗ ಇವರು ಈ ಕತೆಯನ್ನು ನಗುನಗುತ್ತ ಹೇಳುತ್ತಿದ್ದರು. “ಕಾಸು ವಾಪಸ್ ಇಟ್ಟ ತಕ್ಷಣ ಸರಿಹೋಯ್ತು ನೋಡಿ, ಬೇಕಾದರೆ ಇವಳನ್ನೇ ಕೇಳಿ” ಎನ್ನುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.