ಅರ್ಧ ಬರಿಂಕದ ಫೋಟೋ

ಕ್ಯಾಮೆರಾ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಅಚ್ಚುಕಟ್ಟಿನ ಮನುಷ್ಯ ಎಂಬ ಕಾರಣಕ್ಕೆ. ಐದಕ್ಕೆ ಗಂಟೆ ಹೊಡೆಯುವ ಹಾಸ್ಟೆಲಿನಲ್ಲಿ ಬೆಳೆದೆ. ಮೂಡುಬಿದಿರೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೂ ಐದಕ್ಕೇ ಏಳುತ್ತಿದ್ದೆ.

ಮಿಜಾರಿನ ನಮ್ಮ ಮನೆಯ ಹಿಂದೆ ಒಂದು ಕುರುಚಲು ಗುಡ್ಡೆ. ಅದು ನೆರೆಮನೆಯ ಬ್ಯಾರಿ ಗೆಳೆಯನದ್ದು. ಗಲ್ಫಿನಲ್ಲಿದ್ದ ಅವನು ಎರಡು ಸಾವಿರದ ಐದನೇ ಇಸವಿಯ ಆಚೀಚೆ ಒಮ್ಮೆ ರಜೆಯಲ್ಲಿ ಬಂದಾಗ, ಗುಡ್ಡೆ ಬೋಳಿಸಿ ರಬ್ಬರ್ ಹಾಕುತ್ತೇನೆ, ಬೆಳ್ತಂಗಡಿಯಲ್ಲಿ ಸಸಿಗೂ ಹೇಳಿ ಆಯಿತು ಎಂದ. ಚಹಾ ತಂದ ನನ್ನ ಹೆಂಡತಿ ಲೋಟ ಕೆಳಗಿಡದೆ ನಿಂತಳು.

“ಅಲ್ಲಿ ಬರಿಂಕ ಉಂಟು.”

ಬರಿಂಕ ಎಂದರೆ ಮೊಲದಷ್ಟೇ ದೊಡ್ಡ, ಕೊಂಬಿಲ್ಲದ ಜಿಂಕೆ. ತರಗೆಲೆ ತರಲು ಹೋದಾಗ ಒಮ್ಮೆ ಕಂಡಿದ್ದಳಂತೆ. ಯಾರೂ ನಂಬಿರಲಿಲ್ಲ. ನಿಜ ಹೇಳುವುದಾದರೆ ನಾನೂ ನಂಬಿರಲಿಲ್ಲ.

“ಅಕ್ಕ, ಹುಟ್ಟಿದ ಮೇಲೆ ನಾನು ಅಲ್ಲಿ ಕಂಡದ್ದು ಊರಿನ ದನ ಮಾತ್ರ,” ಎಂದು ಗೆಳೆಯ ನಕ್ಕ. “ಒಂದು ಫೋಟೋ ತೋರಿಸಿ, ಗುಡ್ಡೆ ಹಾಗೇ ಬಿಡ್ತೇನೆ. ಮರಕ್ಕೆ ಕಟ್ಟುವ ಕ್ಯಾಮೆರಾ ಬಂದಿದೆ, ಪ್ರಾಣಿ ಎದುರು ಬಂದ್ರೆ ತನ್ನಷ್ಟಕ್ಕೆ ತೆಗೀತದೆ. ಮಾಷ್ಟ್ರು ಆರಿಸಲಿ, ನಾನು ತರ್ತೇನೆ.”

ಅವನು ಗಲ್ಫಿಗೆ ಮರಳಿ ಕ್ಯಾಟಲಾಗಿನ ಹಾಳೆಗಳನ್ನು ಅಂಚೆಯಲ್ಲಿ ಕಳಿಸಿದ. ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಕೂತೆ. ಡಿಜಿಟಲ್ ಮಾದರಿಗೆ ಫ್ಲಾಶ್ ಇಲ್ಲ, ಪ್ರಾಣಿ ಬೆದರುವುದಿಲ್ಲ. ಆದರೆ ಚಿತ್ರ ನೋಡಲು ಕಂಪ್ಯೂಟರ್ ಬೇಕು, ಅದು ನಮ್ಮಲ್ಲಿ ಇರಲಿಲ್ಲ. ಫಿಲ್ಮಿನದ್ದಕ್ಕೆ ಮೂಡುಬಿದಿರೆಯ ಸ್ಟುಡಿಯೋ ಸಾಕು, ಸೆಲ್ ಗೂಡಂಗಡಿಯಲ್ಲೂ ಸಿಗುತ್ತದೆ. ಪ್ರಾಣಿ ಸಣ್ಣದು, ಆದ್ದರಿಂದ ಎಷ್ಟು ಸಣ್ಣ ಚಲನೆಗೂ ಕ್ಲಿಕ್ಕಾಗಬೇಕು. ಈ ಸಾಲಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಫಿಲ್ಮಿನ ಕ್ಯಾಮೆರಾವೇ ಆಗಲಿ ಎಂದು ಬರೆದೆ.

ಮುಂದಿನ ರಜೆಯಲ್ಲಿ ಅವನು ಅದನ್ನು ತಂದುಕೊಟ್ಟ. “ಒಂದು ತಿಂಗಳು ಟೈಮ್, ಮಾಷ್ಟ್ರೆ. ಆಮೇಲೆ ಬುಲ್ಡೋಜರ್ ಬರ್ತದೆ.”

ಗೇರುಮರಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿದೆ. ದಿನಾ ಬೆಳಿಗ್ಗೆ ಐದೂವರೆಗೆ, ಸಂಜೆ ಐದೂವರೆಗೆ ಹೋಗಿ ಕ್ಯಾಮೆರಾದ ಎದುರು ಬಿದ್ದ ಎಲೆಯನ್ನು ಹಿಡಿಸೂಡಿಯಿಂದ ಗುಡಿಸಿದೆ, ಅಡ್ಡ ಬಂದ ಹುಲ್ಲು ಕತ್ತಿಯಿಂದ ಸವರಿದೆ. ಐದೇ ದಿನಕ್ಕೆ ರೋಲು ಮುಗಿಯಿತು.

ಸ್ಟುಡಿಯೋದವನು ಮೂವತ್ತಾರು ಫೋಟೋ ಮೇಜಿನ ಮೇಲೆ ಹರಡಿ ಕೇಳಿದ: “ಸರ್, ಈ ಕಾಲು ಯಾರದ್ದು?”

ಲುಂಗಿಯ ಅಂಚು, ಮೊಣಕಾಲು, ಹಿಡಿಸೂಡಿ. ಒಂದರಲ್ಲಿ ಮಾತ್ರ ನಮ್ಮ ನಾಯಿ.

“ಬರಿಂಕ ಲುಂಗಿ ಉಡ್ತದಾ, ಮಾಷ್ಟ್ರೆ?” ಎಂದು ಗೆಳೆಯ ನಕ್ಕು ನಕ್ಕು ಕೆಮ್ಮಿದ.

ಆದರೂ ಗುಡಿಸದೆ ಇರಲಾಗಲಿಲ್ಲ, ಎರಡನೆಯ ರೋಲೂ ಹಾಗೆಯೇ ಆಯಿತು. ತಿಂಗಳಲ್ಲಿ ಅರ್ಧ ಕಳೆದಿತ್ತು. ಅಂದು ಹೆಂಡತಿ ನನ್ನ ಕೈಯಿಂದ ಹಿಡಿಸೂಡಿ ಕಸಿದುಕೊಂಡಳು. “ಗುಡ್ಡೆಯನ್ನು ಅಂಗಳ ಮಾಡಿ ಇಟ್ರೆ ಅದು ಬರುವುದು ಹೇಗೆ? ನಾನು ಕಂಡದ್ದು ತರಗೆಲೆಯ ರಾಶಿಯಲ್ಲಿ. ಹತ್ತು ದಿನ ಆ ಕಡೆ ಹೋಗ್ಬೇಡಿ.”

ಆ ಹತ್ತು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಐದೂವರೆಗೆ ಕಾಲು ತಾನಾಗಿ ಹಿತ್ತಲಿಗೆ ತಿರುಗುತ್ತಿತ್ತು. ಅವಳು ಅಡುಗೆಮನೆಯಿಂದಲೇ “ಹಾಂ!” ಎನ್ನುವಳು. ಹಿಂದಿರುಗಿ ಬಂದು ಪೇಪರ್ ಓದುತ್ತಿದ್ದೆ, ತಲೆಗೆ ಏನೂ ಹೋಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಹೋದಾಗ ಪಾದ ಮುಳುಗುವಷ್ಟು ಎಲೆ. ಮೂರನೆಯ ರೋಲು ತೊಳೆಸಿದಾಗ ಅದರಲ್ಲಿ ಮುಂಗುಸಿ ಇತ್ತು, ಹೆಣ್ಣು ನವಿಲು ಇತ್ತು. ಮತ್ತೊಂದು ಫೋಟೋದ ಅಂಚಿನಲ್ಲಿ ಪೆನ್ಸಿಲಿನಂಥ ಎರಡು ಹಿಂಗಾಲು, ಕಂದು ಮೈಮೇಲೆ ಬಿಳಿ ಚುಕ್ಕೆಗಳ ಸಾಲು. ತಲೆ ಚಿತ್ರದ ಹೊರಗೆ ಉಳಿದಿತ್ತು.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಸೆರಗು ಸರಿಮಾಡಿಕೊಂಡು ನೇರ ನೆರೆಮನೆಗೆ ನಡೆದಳು. ನಾನು ಹಿಂದೆ ಹೋದೆ.

ಗೆಳೆಯ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿದ. “ಇದು ಅರ್ಧವೇ ಉಂಟಲ್ಲ, ಅಕ್ಕ?”

“ಹಾಗಾದ್ರೆ ಅರ್ಧ ಗುಡ್ಡೆ ಬಿಡು.”

ಅವನು ಬಿಟ್ಟ. ಗುಡ್ಡೆಯ ನಡುವೆ ಹರಿಯುವ ತೋಡಿನ ಆಚೆ ರಬ್ಬರ್ ಎದ್ದಿತು, ಈಚೆ ಕುರುಚಲು ಉಳಿಯಿತು. ಕ್ಯಾಮೆರಾ ಮೂರು ಮಳೆಗಾಲಕ್ಕೆ ಕೆಟ್ಟಿತು. ಫೋಟೋ ಅವಳ ಕಪಾಟಿನ ಕನ್ನಡಿಯ ಮೂಲೆಯಲ್ಲಿ ಬಹಳ ಕಾಲ ಇತ್ತು, ಬಣ್ಣ ಮಾಸುವವರೆಗೆ. ಈಗಲೂ ಐದಕ್ಕೆ ಎದ್ದು ಅಂಗಳ ಗುಡಿಸುತ್ತೇನೆ. ಹಿಡಿಸೂಡಿ ಹಿತ್ತಲ ಬೇಲಿ ದಾಟುವುದಿಲ್ಲ.