ಅರ್ಧ ಬೆರಳು ದೊಡ್ಡ ತಲೆ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಕಾಫಿ ಕೊಟ್ಟು ಕೂರಿಸುತ್ತಾರೆ ಅಂದುಕೊಳ್ಳಬೇಡಿ. ಬೇಸಿಗೆ ಬಂದ ಕೂಡಲೇ ಕಳಿಸುತ್ತಾರೆ, ತರಗತಿ ಶುರುವಾದ ಮೇಲೆ ನೆನಪಾದರೆ ಕರೆಯುತ್ತಾರೆ. ಹೆಸರು ಮಲ್ಲಿಕ್. ಪಕ್ಕದ ಮನೆಯಲ್ಲಿ ಮೀನು ಹುರಿದರೆ ಕಿಟಕಿ ಹಾಕಿಕೊಳ್ಳುವ ಮನೆಯಲ್ಲಿ ಹುಟ್ಟಿ, ಮೀನಿನ ತಲೆಬುರುಡೆಯ ಪಾಠ ಮಾಡಿ ಅನ್ನ ತಿನ್ನುತ್ತಿದ್ದೇನೆ. ಅದೂ ಸಂತೆಯಲ್ಲಿ ಸಿಗುವ ಮೀನಲ್ಲ. ಮೂವತ್ತಾರು ಕೋಟಿ ವರ್ಷಗಳ ಹಿಂದೆಯೇ ಮುಗಿದುಹೋದ ಕವಚಮೀನು. ನಾನು ಬರೆಯಬೇಕೆಂದಿರುವುದು ಆ ಮೀನಿಗೆ ತಲೆ ಮಾಡಿಕೊಟ್ಟ, ಭದ್ರಾವತಿ ರಸ್ತೆಯ ಮಲವಗೊಪ್ಪದ ಶೇಷಪ್ಪನವರ ಬಗ್ಗೆ. ಆದರೆ ಅವರ ಮನೆಗೆ ನಾನು ಹೋಗಿದ್ದೇ ನನ್ನ ದಡ್ಡತನದಿಂದ, ಹಾಗಾಗಿ ಅಲ್ಲಿಂದಲೇ ಶುರು.

ತರಗತಿಗೆ ತೋರಿಸಲು ನಾನೇ ಥರ್ಮಾಕೋಲಿನಲ್ಲಿ ಒಂದು ಕವಚಮೀನು ಮಾಡಿದ್ದೆ. ‘ಸರ್, ಆಮೆ ಚೆನ್ನಾಗಿದೆ’ ಅಂದಳು ಮುಂದಿನ ಬೆಂಚಿನ ಇಂಪನಾ. ಅಷ್ಟರಲ್ಲಿ ಯಾರೋ ಫ್ಯಾನ್ ಹಾಕಿದರು, ಆಮೆ ಹಾರಿಹೋಯಿತು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ನಮ್ಮ ವಿಭಾಗದ ಮುಖ್ಯಸ್ಥೆ ಸುಮನಾ ಮೇಡಂ, ‘ಮ್ಯೂಸಿಯಂಗೆ ಗಟ್ಟಿಯಾದ ಒಂದು ಮಾಡೆಲ್ ಮಾಡಿಸಿ ಮಲ್ಲಿಕ್. ತಲೆ ಎತ್ತೋ ಹಾಗಿರಲಿ’ ಅಂದರು.

ಈ ಮೀನಿನ ವಿಶೇಷವೇ ಅದು. ತಲೆಗೆ ಒಂದು ಎಲುಬಿನ ಕವಚ, ಎದೆಗೆ ಇನ್ನೊಂದು. ಎದೆಕವಚದ ಎರಡು ಬದಿಗೆ ಎರಡು ಗುಬುಟು, ತಲೆಕವಚದ ಹಿಂದೆ ಅವು ಕೂರುವ ಎರಡು ಕುಳಿ. ಬಾಗಿಲ ಕೀಲಿನ ಹಾಗೆ. ಬಾಯಿ ತೆರೆಯುವಾಗ ಕೆಳದವಡೆ ಇಳಿಯುವುದರ ಜೊತೆಗೆ ಇಡೀ ತಲೆ ಮೇಲಕ್ಕೇಳುತ್ತದೆ.

ಸವಳಂಗ ರಸ್ತೆಯ ಬಡಗಿ ರಂಗಪ್ಪ ಎದೆಕವಚಕ್ಕೆ ಒಪ್ಪಿದ. ತಲೆಯ ಚಿತ್ರ ನೋಡಿ, ‘ನಾನು ಡ್ರೆಸ್ಸಿಂಗ್ ಟೇಬಲ್ ಮಾಡೋನು ಸಾರ್. ಈ ವಂಕಿ ಡೊಂಕಿಗೆಲ್ಲ ಮಲವಗೊಪ್ಪದ ಶೇಷಪ್ಪನೇ ಸರಿ’ ಅಂದ.

ಶೇಷಪ್ಪ ಭದ್ರಾವತಿಯ ಒಂದು ಖಾಸಗಿ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದವರು. ಕಬ್ಬಿಣದಲ್ಲೋ ಉಕ್ಕಿನಲ್ಲೋ ಏನು ಎರಕ ಹೊಯ್ಯಬೇಕೋ, ಮೊದಲು ಅದನ್ನು ಮರದಲ್ಲಿ ಮಾಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಗಾಲಿ, ಪಂಪಿನ ಹೊಟ್ಟೆ, ಕಬ್ಬಿನ ಗಾಣದ ಹಲ್ಲು ಎಲ್ಲವೂ ಮೊದಲು ಶೇಷಪ್ಪನವರ ಕೈಯಲ್ಲಿ ಮರವಾಗಿದ್ದವು. ಊರೂರಿಗೆ ಹೋಗಿದ್ದು ಲೋಹ, ಸ್ಟೋರಿನಲ್ಲಿ ಧೂಳು ತಿಂದಿದ್ದು ಮರ. ಫೌಂಡ್ರಿ ಮುಚ್ಚಿದಾಗ ಸ್ಟೋರ್‌ಕೀಪರ್ ಬೀಗ ತೆಗೆದು ಅಷ್ಟನ್ನೂ ಹೋಟೆಲಿನ ಒಲೆಗೆ ಸೌದೆಯಾಗಿ ಮಾರಿದ.

‘ನಾನೂ ಅಲ್ಲೇ ತಿಂಡಿ ತಿಂದಿದೀನಿ ಸಾರ್’ ಅಂದರು ಶೇಷಪ್ಪ, ನಾನು ಅವರ ಮನೆ ಹುಡುಕಿಕೊಂಡು ಹೋದ ದಿನ. ‘ಇಡ್ಲಿ ಚೆನ್ನಾಗಿ ಬೆಂದಿತ್ತು.’

ಚಿತ್ರವನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಅವರ ಹೆಂಡತಿ ಬಂಗಾರಮ್ಮ ಚಹಾ ತಂದವರು ಅಲ್ಲೇ ನಿಂತರು.

‘ಈ ಗೆರೆಗಳು ಎಲುಬುಗಳ ಜೋಡಣೆ. ಈ ಇನ್ನೊಂದು ಗೆರೆ ಜೋಡಣೆ ಅಲ್ಲ, ಕಾಲುವೆ. ನೀರಿನ ಅಲುಗಾಟ ತಿಳಿಯೋದು ಇದರಿಂದ. ಎಲುಬು ಯಾವುದೇ ಇರಲಿ, ಅಡ್ಡ ಹಾದುಹೋಗುತ್ತೆ’ ಅಂದೆ.

‘ಹಲ್ಲೆಲ್ಲಿ?’

‘ಹಲ್ಲಿಲ್ಲ. ದವಡೆ ಎಲುಬಿನ ಅಂಚೇ ಕತ್ತರಿ ಥರ.’

‘ಸಾರ್ ಮೀನು ತಿಂತೀರಾ?’ ಬಂಗಾರಮ್ಮ ಕೇಳಿದರು.

‘ಇಲ್ಲಮ್ಮ.’

‘ತಲೆನೇ ತಿನ್ನದೆ ಇಷ್ಟೆಲ್ಲ ಹೆಂಗೆ ಗೊತ್ತಾಯ್ತು?’

ನನ್ನ ಸಂದರ್ಶನದಲ್ಲೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಚಹಾ ಕುಡಿದೆ.

ಕೂಲಿ ಮಾತು ಮುಗಿದ ಮೇಲೆ ಶೇಷಪ್ಪ, ‘ಇದನ್ನ ಯಾತರಲ್ಲಿ ಹೊಯ್ಯಿಸ್ತೀರಿ?’ ಅಂದರು.

‘ಹೊಯ್ಯೋದೇನೂ ಇಲ್ಲ. ಮರದ್ದೇ ಇಡೋದು.’

‘ನಾನು ಮಾಡಿದ್ದೇ?’

‘ನೀವು ಮಾಡಿದ್ದೇ. ಗಾಜಿನ ಬೀರುವಲ್ಲಿ.’

ಅವರು ಹೆಂಡತಿಯ ಮುಖ ನೋಡಿದರು. ‘ಅಷ್ಟಾದ್ರೆ ಸಾಕು’ ಅಂದರು. ನಾನು ಸಲೀಸಾಗಿ ಮಾತು ಕೊಟ್ಟುಬಿಟ್ಟಿದ್ದೆ, ಬೀರು ನಮ್ಮಪ್ಪನದು ಅನ್ನೋ ಹಾಗೆ.

ತಲೆ ಮ್ಯೂಸಿಯಂಗೆ ಬಂದ ದಿನ ಆಟೋದಲ್ಲಿ ಶೇಷಪ್ಪ ಇಸ್ತ್ರಿ ಅಂಗಿ, ಬಂಗಾರಮ್ಮ ರೇಷ್ಮೆ ಸೀರೆ, ನಡುವೆ ಗೋಣಿ ಹೊದ್ದ ಮೀನು. ಗೋಣಿ ತೆಗೆದಾಗ ನಾನು ಪಾಠ ಮಾಡುತ್ತಿದ್ದುದು ಏನು ಅಂತ ನನಗೇ ಮೊದಲ ಸಲ ಕಂಡಿತು. ಹಣೆಯ ನಡುವಿನ ಪುಟ್ಟ ಫಲಕ, ಕಣ್ಣಿನ ಸುತ್ತ ಬಳೆಯಂತೆ ಕೂತ ಎಲುಬಿನ ಬಿಲ್ಲೆಗಳು, ಅಡ್ಡಡ್ಡ ಹರಿದ ಕಾಲುವೆಗಳು. ರಂಗಪ್ಪನ ಎದೆಕವಚವನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದೆವು. ತಲೆ ಎತ್ತಿ ಜೋಡಿಸಹೋದರೆ ಒಂದು ಗುಬುಟು ಕುಳಿಯಲ್ಲಿ ಕೂತಿತು. ಇನ್ನೊಂದು ಕೂರಲಿಲ್ಲ, ಅರ್ಧ ಬೆರಳು ಆಚೆ.

ಓದಿದವನ ಗತ್ತಿನಲ್ಲಿ ರಂಗಪ್ಪನಿಗೆ ಫೋನ್ ಮಾಡಿ ಬೈದೆ. ‘ಟೇಪ್ ಹಿಡಿಯೋಕೆ ಬರಲ್ವಾ ಮಾರಾಯ?’

‘ಊರಿಗೆಲ್ಲ ಇರೋ ಟೇಪೇ ನಂದೂ ಸಾರ್. ಆ ಕಡೆಯೋರದ್ದು ನೋಡಿ’ ಅಂತ ಫೋನ್ ಇಟ್ಟ.

ಶೇಷಪ್ಪ ಮೆಲ್ಲಗೆ ಚೀಲದಿಂದ ತಮ್ಮ ಹಳೇ ಉಕ್ಕಿನ ಸ್ಕೇಲು ತೆಗೆದು ಕಾಲೇಜಿನ ಸ್ಕೇಲಿನ ಪಕ್ಕ ಇಟ್ಟರು. ಅವರ ಒಂದಡಿ ನಮ್ಮ ಒಂದಡಿಗಿಂತ ಎರಡು ನೂಲು, ಅಂದರೆ ಕಾಲು ಇಂಚು ಉದ್ದ. ಕರಗಿದ ಉಕ್ಕು ಆರಿದಾಗ ಕುಗ್ಗುತ್ತದೆ, ಅದಕ್ಕೇ ಪ್ಯಾಟರ್ನಿನವರ ಸ್ಕೇಲಿನಲ್ಲಿ ಅಡಿಯನ್ನೇ ಹಿಗ್ಗಿಸಿರುತ್ತಾರಂತೆ. ಎರಡು ಅಡಿ ಅಗಲದ ತಲೆ ಅರ್ಧ ಇಂಚು ದೊಡ್ಡದಾಗಿತ್ತು.

‘ಥೂ ನನ್ನ’ ಅಂದರು ಶೇಷಪ್ಪ. ‘ಎರಕ ಇಲ್ಲ ಅಂತ ಗೊತ್ತಿದ್ದೂ ಎರಕಕ್ಕೇ ಮಾಡ್ಬಿಟ್ಟೆ. ಕೈ ಹೋಗಿದ್ದೇ ಆ ಸ್ಕೇಲಿಗೆ.’

ಸುಮನಾ ಮೇಡಂ ಕನ್ನಡಕ ಏರಿಸಿ ನೋಡಿದರು. ‘ಚಿಂತೆ ಬೇಡ. ಇದರದ್ದೊಂದು ಅಚ್ಚು ತೆಗೆಸಿ ಫೈಬರಲ್ಲಿ ಮಾಡಿಸೋಣ. ಅಳತೆ ಫೈಬರಿನವರೇ ಸರಿ ಮಾಡ್ಕೊತಾರೆ. ಮರಕ್ಕೆ ಹೇಗೂ ಹುಳ ಹಿಡಿಯುತ್ತೆ, ಇದು ಸ್ಟೋರಲ್ಲಿರಲಿ.’

ಸ್ಟೋರ್ ಅನ್ನುವ ಮಾತಿಗೆ ಶೇಷಪ್ಪನವರ ಕೈ ತಲೆಯ ಮೇಲೆ ಹೋಯಿತು, ತಮ್ಮದಲ್ಲ, ಮೀನಿನದು. ನಾನು ಬಾಯಿ ಬಿಡಬೇಕಿತ್ತು. ಮುಂದಿನ ವರ್ಷದ ಪಾಠಗಳ ಹಂಚಿಕೆ ಮೇಡಂ ಕೈಯಲ್ಲಿದೆ. ‘ಮೇಡಂ...’ ಅಂತ ಶುರುಮಾಡಿ, ಅಲ್ಲೇ ಮುಗಿಸಿದೆ.

ಬಂಗಾರಮ್ಮನಿಗೆ ಯಾರ ಹಂಚಿಕೆಯೂ ಬೇಕಿರಲಿಲ್ಲ. ‘ತಲೆ ದೊಡ್ಡದಾದ್ರೆ ಮೈಯ್ಯನ್ನೇ ದೊಡ್ಡದು ಮಾಡ್ರಿ. ಮೀನೇನು ಬಂದು ಅಳತೆ ಕೇಳುತ್ತಾ?’ ಅಂದರು.

ಮೇಡಂ ನನ್ನ ಕಡೆ ತಿರುಗಿದರು. ‘ಶಾಸ್ತ್ರದ ಪ್ರಕಾರ ತೊಂದರೆ ಇದೆಯಾ?’

ಇಷ್ಟಾದರೂ ನನಗೆ ಗೊತ್ತಿತ್ತು. ‘ಇಲ್ಲ ಮೇಡಂ. ಈ ಜಾತಿಯಲ್ಲಿ ಚಿಕ್ಕದೂ ಇದ್ವು, ದೊಡ್ಡದೂ ಇದ್ವು. ಕೀಲು ಕೂತರೆ ಸಾಕು.’

ಶೇಷಪ್ಪ ಇಸ್ತ್ರಿ ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ ಬನಿಯನ್ನಿನಲ್ಲಿ ಕೂತರು. ರಂಗಪ್ಪನ ಗುಬುಟುಗಳನ್ನು ಗರಗಸದಿಂದ ತೆಗೆದು, ಬುಡಕ್ಕೆ ಮರದ ಬಿಲ್ಲೆ ಕೊಟ್ಟು, ಆಚೆಗೆ ಸರಿಸಿ ಅಂಟಿಸಿದರು. ಈ ಸಲ ಅಳೆದದ್ದು ಕಾಲೇಜಿನ ಸ್ಕೇಲಿನಲ್ಲಿ, ಅದೂ ಹೆಂಡತಿಯ ಕಣ್ಣ ಮುಂದೆ. ಅಂಟು ಆರಲಿ ಅಂತ ಕ್ಯಾಂಟೀನಿಗೆ ಹೋಗಿ ಊಟ ಮಾಡಿ ಬಂದೆವು.

ಆಮೇಲೆ ತಲೆ ಇಟ್ಟರು. ಎರಡೂ ಕಡೆ ಕೂತಿತು. ಮೂತಿಯ ಕೆಳಗೆ ಬೆರಳು ಕೊಟ್ಟು ಎತ್ತಿದರೆ ತಲೆ ಸದ್ದಿಲ್ಲದೆ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು. ಮೇಡಂ ತಾವೂ ಒಮ್ಮೆ ಎತ್ತಿದರು. ಇಳಿಸಿ, ಮತ್ತೆ ಎತ್ತಿದರು. ಆಮೇಲೆ ಅಟೆಂಡರ್ ನಾಗೇಶನನ್ನು ಕರೆದು, ‘ಬೀರುವಿನಲ್ಲಿರೋ ಹುಲ್ಲು ತುಂಬಿದ ಗೂಬೆನ ಮೇಲಿಡಪ್ಪ, ಇದಕ್ಕೆ ಜಾಗ ಮಾಡು. ಬೇವಿನೆಣ್ಣೆ ಬಳಿದರೆ ಹುಳ ಬರಲ್ಲ ಅಲ್ವಾ?’ ಅಂದರು.

ಗಾಜಿನ ಬಾಗಿಲು ಮುಚ್ಚಿದ ಮೇಲೆ ಶೇಷಪ್ಪ ಅಂಗಿ ತೊಟ್ಟು ನನ್ನನ್ನು ಪಕ್ಕಕ್ಕೆ ಕರೆದರು.

‘ಸಾರ್, ಈ ಬೀಗದ ಕೈ ಯಾರತ್ರ ಇರುತ್ತೆ?’

‘ನನ್ನ ಹತ್ರಾನೇ’ ಅಂದೆ ಎದೆಯುಬ್ಬಿಸಿ.

‘ನೀವು ಪರ್ಮನೆಂಟಾ?’

ಎದೆ ತನ್ನಷ್ಟಕ್ಕೆ ಇಳಿಯಿತು. ‘ಇಲ್ಲ.’

‘ಮೇಡಮ್ಮು?’

‘ಅವರು ಪರ್ಮನೆಂಟು.’

‘ಹಂಗಾದ್ರೆ ಅವರಿಗೆ ಕೊಟ್ಬಿಡಿ ಸಾರ್’ ಅಂದರು. ನಾನು ಬೀಗದ ಕೈ ಮೇಡಂ ಮೇಜಿನ ಮೇಲೆ ಇಡುವವರೆಗೂ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಗಂಡ ಹೆಂಡತಿ ಭದ್ರಾವತಿ ಬಸ್ಸಿಗೆ ಹೊರಟರು.