ಯಾರಿಗೂ ತಾಗದ ಮಣಿ

ಲ್ಯಾಬಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಸಿಡುಕಿ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು; ಗೊತ್ತಾಗಿ ಆದ ಬದಲಾವಣೆ ಮಾತ್ರ ಎಳ್ಳಷ್ಟೂ ಇಲ್ಲ. ಬಾಗಿಲನ್ನು ದಡಾರನೆ ಹಾಕುವವರನ್ನು ಕಂಡರೆ ಸಿಟ್ಟು, ಚಹಾ ಕುಡಿದ ಲೋಟವನ್ನು ತೊಳೆಯದೆ ಇಟ್ಟು ಹೋಗುವವರನ್ನು ಕಂಡರೆ ಸಿಟ್ಟು, ಯಾರಾದರೂ 'ಸುಮಾರಾಗಿ ಸರಿ ಇದೆ' ಎಂದರಂತೂ ಮುಗಿದೇಹೋಯಿತು. ಅವಳು ಸುಮ್ಮಸುಮ್ಮನೆ ಸಿಡುಕುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಎಷ್ಟೋ ಸಲ ಅವಳು ಹೇಳಿದ್ದೇ ಸರಿಯಿರುತ್ತಿತ್ತು, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ತನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸಿ ವಿವರಿಸಿ ಅವಳ ಗಂಟಲು ಒಣಗಿತ್ತು. ಮೈಯೊಳಗಿನ ಪ್ರೋಟೀನು ಎಂದರೆ ಒಂದು ಮಣಿಸರ ಎಂದುಕೊಳ್ಳಿ. ಒಂದೊಂದು ಮಣಿಯೂ ಒಂದೊಂದು ಅಮೈನೋ ಆಮ್ಲ. ಆ ಸರ ನೆಟ್ಟಗಿರುವುದಿಲ್ಲ, ಮುದುರಿ ಉಂಡೆಯಾಗುತ್ತದೆ. ಆಗ ಈ ತುದಿಯ ಮಣಿ ಹೋಗಿ ಆ ತುದಿಯ ಮಣಿಗೆ ತಾಗಿ ಕೂರುತ್ತದೆ. ಯಾವ ಮಣಿ ಯಾವುದಕ್ಕೆ ತಾಗಿದೆ ಎಂದು ಕಂಪ್ಯೂಟರಿನಲ್ಲಿ ಅಳೆದು, ಒಂದು ಚೌಕದಲ್ಲಿ ಚುಕ್ಕಿ ಇಟ್ಟು ತೋರಿಸುವುದೇ ಅವಳ ಕೆಲಸ. ಸುತ್ತ ನಾಲ್ಕಾರು ಮಣಿಗಳಿಗೆ ಒತ್ತಿಕೊಂಡ ಮಣಿ ಕೆಟ್ಟರೆ ಇಡೀ ಉಂಡೆ ಸಡಿಲವಾಗುತ್ತದೆ. ಯಾವುದಕ್ಕೂ ತಾಗದೆ ಅಂಚಿನಲ್ಲಿ ನಿಂತದ್ದು ಬದಲಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

"ಅಂದ್ರೆ ಯಾರಿಗೆ ಯಾರು ನೆಂಟರು ಅಂತ ಹುಡುಕೋ ಕೆಲಸ," ಎಂದು ತಂಗಿ ಒಮ್ಮೆ ನಕ್ಕಿದ್ದಳು.

"ಹೂಂ. ನಮ್ಮ ನೆಂಟರಿಗಿಂತ ಇವು ಎಷ್ಟೋ ವಾಸಿ. ಕಷ್ಟ ಬಂದಾಗ ಎದ್ದು ಹೋಗಲ್ಲ."

ತಂಗಿಯನ್ನು ಸಾಕಿ ಬೆಳೆಸಿದವಳೇ ಅವಳು. ಅಮ್ಮ ಬೇಗ ಹೋದಳು, ಅಪ್ಪ ಇದ್ದೂ ಇಲ್ಲದಂತಿದ್ದ. ತಂಗಿಗೆ ತಲೆ ಬಾಚಿ, ಶಾಲೆಗೆ ಕಳಿಸಿ, ಅವಳನ್ನು ಅಳಿಸಿದ ಹುಡುಗಿಯರ ಮನೆಗೇ ಹೋಗಿ ಜಗಳವಾಡಿ ಬಂದದ್ದು ಅಕ್ಕನೇ. ತಂಗಿಯೋ ತುಟಿ ಪಿಟಕ್ಕೆನ್ನದ ಹೆಣ್ಣು. ಗಂಡ ಅಂದರೂ ಸುಮ್ಮನೆ, ಅತ್ತೆ ಅಂದರೂ ಸುಮ್ಮನೆ. "ನನ್ನ ಪಾಲಿನ ಸಿಟ್ಟನ್ನೂ ನೀನೇ ಎತ್ಕೊಂಡು ಹುಟ್ಟಿಬಿಟ್ಟೆ ಕಣೇ ಅಕ್ಕ," ಎಂದು ತಮಾಷೆ ಮಾಡುತ್ತಿದ್ದಳು.

ತಂಗಿಗೊಬ್ಬಳು ಮಗಳು, ಪುಟ್ಟಿ. ನಡೆಯಲು ಕಲಿತದ್ದೇ ತಡವಾಗಿ. ಈಚೆಗೆ ಕೂತಲ್ಲಿಂದ ಏಳಬೇಕಾದರೆ ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದಳು. "ತಾಯಿಗೆ ನೆಟ್ಟಗೆ ಊಟ ಮಾಡಿಸೋಕೆ ಬರಲ್ಲ, ಮಗು ಇನ್ನೇನಾಗತ್ತೆ," ಎಂದು ಅತ್ತೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಕೊನೆಗೆ ರಕ್ತ ಪರೀಕ್ಷೆಯಾಗಿ, ಸ್ನಾಯುವಿನ ಒಂದು ಪ್ರೋಟೀನಿನಲ್ಲಿ ಒಂದು ಮಣಿ ಬದಲಾಗಿದೆ ಎಂದು ಗೊತ್ತಾಯಿತು. ಆ ಪ್ರೋಟೀನು ಕೆಟ್ಟವರಿಗೆ ಔಷಧಿಯೂ ಇದೆ. ಇರುವ ಬಲವನ್ನು ಅದು ಉಳಿಸುತ್ತದೆ, ಹೋದ ಬಲವನ್ನು ತಂದುಕೊಡುವುದಿಲ್ಲ. ಅದಕ್ಕೇ ಬೇಗ ಶುರುವಾಗಬೇಕು. ಆದರೆ ಆಸ್ಪತ್ರೆಯ ರಿಪೋರ್ಟಿನ ಕೊನೆಯಲ್ಲಿ ಹೀಗಿತ್ತು: ಈ ಮಣಿ ಯಾವುದಕ್ಕೂ ತಾಗಿಲ್ಲ, ಬದಲಾವಣೆ ನಿರಪಾಯ, ಚಿಕಿತ್ಸೆ ಬೇಕಿಲ್ಲ.

ಮಧ್ಯಾಹ್ನ ತಂಗಿ ಮಗುವನ್ನು ಎತ್ತಿಕೊಂಡು ಲ್ಯಾಬಿಗೇ ಬಂದಳು. "ಒಂದ್ಸಲ ನೋಡೇ ಅಕ್ಕ. ಇದು ನಿನ್ನ ಕೆಲಸಾನೇ ಅಲ್ವಾ?"

ಸಿಡುಕಿ ಎರಡು ಕುರ್ಚಿ ಜೋಡಿಸಿ ಪುಟ್ಟಿಯನ್ನು ಮಲಗಿಸಿ, ಆ ಪ್ರೋಟೀನಿನ ಫೈಲನ್ನು ತೆರೆದಳು. ರಿಪೋರ್ಟಿನಲ್ಲಿದ್ದದ್ದು ನಿಜ. ಚುಕ್ಕಿಯ ಚೌಕದಲ್ಲಿ ಆ ಮಣಿಯ ಸಾಲಿನಲ್ಲಿ, ಸರದಲ್ಲಿ ಅಕ್ಕಪಕ್ಕ ಪೋಣಿಸಿದ್ದನ್ನು ಬಿಟ್ಟರೆ, ಒಂದು ಚುಕ್ಕಿಯೂ ಇಲ್ಲ. ಮತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಎಣ್ಣೆಯ ಗುಣದ ಮಣಿ ಅದು, ನೀರೆಂದರೆ ಆಗದ ಜಾತಿ. ಇಂಥದ್ದು ಉಂಡೆಯ ಒಳಗೆ ಮುದುಡಿ ಕೂರಬೇಕು. ಇದು ನೋಡಿದರೆ ಹೊರಗೆ, ನೀರಿಗೆ ಮೈಯೊಡ್ಡಿ ನಿಂತಿದೆ.

"ಇಲ್ಲೇನು ಮಾಡ್ತಿದ್ದೀಯ ನೀನು?" ಎಂದು ಗದರಿದಳು.

"ನಾನೇನೂ ಮಾಡ್ಲಿಲ್ಲ," ಎಂದಳು ತಂಗಿ ಗಾಬರಿಯಿಂದ.

"ನಿನಗಲ್ಲ, ಈ ಮಣಿಗೆ ಹೇಳಿದ್ದು. ಸುಮ್ನಿರೇ."

ಆಗ ಹೊಳೆಯಿತು. ಈ ಪ್ರೋಟೀನು ಒಂಟಿಯಾಗಿ ಕೆಲಸ ಮಾಡುವುದೇ ಇಲ್ಲ. ಒಂದೇ ಥರದ ಎರಡು ಉಂಡೆಗಳು ಅಂಟಿಕೊಂಡೇ ಇರಬೇಕು. ಎರಡೂ ಒಂದೇ ಥರ ಇರುವುದರಿಂದ ಫೈಲಿನಲ್ಲಿ ಒಂದನ್ನು ಮಾತ್ರ ಬರೆದು, ಇನ್ನೊಂದನ್ನು ಹೀಗೆ ತಿರುಗಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ ಎಂಬ ಸೂಚನೆ ಕೊಟ್ಟಿರುತ್ತಾರೆ. ಆ ಸೂಚನೆಯಂತೆ ಅವಳು ಜೊತೆಯ ಉಂಡೆಯನ್ನು ತಂದು ಕೂರಿಸಿದಳು. ಯಾರಿಗೂ ತಾಗದ ಮಣಿ ಈಗ ಪಕ್ಕದ ಉಂಡೆಯ ಐದಾರು ಮಣಿಗಳಿಗೆ ಒತ್ತಿಕೊಂಡು ಕೂತಿತ್ತು. ಎರಡನ್ನೂ ಹಿಡಿದಿಟ್ಟಿದ್ದ ಜಾಗವೇ ಅದು. ಅದು ಬದಲಾದರೆ ಜೋಡಿ ಬಿಟ್ಟುಹೋಗುತ್ತದೆ, ಪುಟ್ಟಿಯ ಕಾಲು ಸೋಲುತ್ತದೆ.

ಅವಳಿಗೆ ಪಿತ್ತ ನೆತ್ತಿಗೇರಿತು. ಆಸ್ಪತ್ರೆಗೆ ಫೋನ್ ಮಾಡಿ, ರಿಪೋರ್ಟ್ ಬರೆದವನಿಗೆ ಉಸಿರು ಬಿಡಲೂ ಬಿಡದೆ ಬೈದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಮೇಡಂ, ನಾವೇನು ನಮ್ಮ ತಲೆಯಿಂದ ಬರೆದಿದ್ದಾ? ನಿಮ್ಮ ಲ್ಯಾಬ್ ಕೊಟ್ಟ ಪ್ರೋಗ್ರಾಮೇ ಹಾಗೆ ಹೇಳಿದ್ದು," ಎಂದ.

ಅವಳು ಫೋನ್ ಇಟ್ಟಳು. ಆ ಪ್ರೋಗ್ರಾಮನ್ನು ಅವಳು ಬಲ್ಲಳು, ಕಟ್ಟಿದವರಲ್ಲಿ ಅವಳೂ ಒಬ್ಬಳು. ಜೊತೆಯ ಉಂಡೆಯನ್ನೂ ಲೆಕ್ಕಕ್ಕೆ ಸೇರಿಸಲೇಬೇಕು ಎಂದು ಆಗಲೇ ಪಟ್ಟು ಹಿಡಿದಿದ್ದಳು. ಲ್ಯಾಬಿನ ಮುಖ್ಯಸ್ಥರು ಒಪ್ಪಿರಲಿಲ್ಲ: "ನಿಧಾನ ಆಗತ್ತಮ್ಮ. ಸುಮಾರಾಗಿ ಸರಿ ಬಂದ್ರೆ ಸಾಕು." ಅವಳು ಕೂಗಾಡಿ, ಕುರ್ಚಿ ತಳ್ಳಿ ಹೊರಗೆ ಬಂದಿದ್ದಳು. ಆಮೇಲೆ, ಕೂಗಾಡಿದ್ದರಿಂದಲೇ ಕೆಲಸ ಆಯಿತು ಎಂಬಂತೆ ಸುಮ್ಮನಾಗಿಬಿಟ್ಟಿದ್ದಳು. ಪ್ರೋಗ್ರಾಂ ಹಾಗೆಯೇ ಊರೂರಿನ ಆಸ್ಪತ್ರೆಗಳಿಗೆ ಹೋಗಿತ್ತು.

ಜೋಡಿ ಉಂಡೆಯ ಚಿತ್ರ ಹಿಡಿದು ಅವಳು ಮುಖ್ಯಸ್ಥರ ಕೋಣೆಗೆ ನುಗ್ಗಿದಳು. ಅವರು ಚಿತ್ರ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ತಪ್ಪನ್ನು ಅಲ್ಲಗಳೆಯಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡವರು.

"ಕೂತ್ಕೊಳಮ್ಮ. ನಿನ್ನ ತಂಗಿ ಮಗಳ ರಿಪೋರ್ಟ್ ಇವತ್ತೇ ತಿದ್ದಿಸ್ತೀನಿ. ಆಸ್ಪತ್ರೆಯವರ ಹತ್ರ ನಾನೇ ಮಾತಾಡ್ತೀನಿ, ಔಷಧಿ ತಕ್ಷಣ ಶುರುವಾಗತ್ತೆ. ಪ್ರೋಗ್ರಾಮನ್ನೂ ಸದ್ದಿಲ್ದೆ ಸರಿ ಮಾಡೋಣ. ಹಳೇ ರಿಪೋರ್ಟ್‌ಗಳ ವಿಷಯ ಮಾತ್ರ ಎತ್ತಬೇಡ."

"ಎತ್ತಿದ್ರೆ?"

"ಎತ್ತಿದ್ರೆ ವಿಚಾರಣೆಗೆ ಸಮಿತಿ ಕೂರತ್ತೆ. ಅದು ಮುಗಿಯೋವರೆಗೆ ನಾವು ಯಾವ ರಿಪೋರ್ಟನ್ನೂ ಮುಟ್ಟೋ ಹಾಗಿಲ್ಲ. ನಿಮ್ಮ ಮಗೂದೂ ಸೇರಿ. ಯೋಚನೆ ಮಾಡು."

ಲೋಟ ತೊಳೆಯದವರ ಜನ್ಮ ಜಾಲಾಡುವ ಹೆಣ್ಣು ಹಲ್ಲು ಕಚ್ಚಿಕೊಂಡು, "ಆಗಲಿ ಸರ್," ಎಂದು ಎದ್ದು ಬಂದಳು.

ತಂಗಿಗೆ ಎಲ್ಲವನ್ನೂ ಹೇಳಿದಳು. ಮುಖ್ಯಸ್ಥರಿಗೆ ಬಾಯಿಗೆ ಬಂದಂತೆ ಬೈಯುತ್ತಲೇ ಹೇಳಿದಳು. "ಹೋಗಲಿ, ಪುಟ್ಟಿಗೆ ಔಷಧಿ ಸಿಗತ್ತೆ. ಅಷ್ಟು ಸಾಕು."

ತಂಗಿ ಮಗುವಿನ ಕಾಲು ಸವರುತ್ತ ಕೂತಿದ್ದಳು. "ಆ ಪ್ರೋಗ್ರಾಮು ಪುಟ್ಟಿದೊಂದೇ ನೋಡಿದ್ದಾ?"

"ಇಲ್ಲ. ಬೇರೆ ಮಕ್ಕಳದೂ ನೋಡಿದೆ."

"ಅವರಿಗೂ ಔಷಧಿ ಬೇಡ ಅಂತ ಬರೆದಿದೆಯಾ?"

"ಕೆಲವರಿಗೆ ಬರೆದಿರತ್ತೆ."

"ಅವರ ಅಮ್ಮಂದಿರನ್ನೂ ಊಟ ಮಾಡಿಸೋಕೆ ಬರದವಳು ಅಂತ ಬೈತಿರ್ತಾರೆ ಅಲ್ವಾ?" ತಂಗಿಯ ದನಿ ನಡುಗಿತು, ಅಳುವಿನಿಂದಲ್ಲ. "ಅವರಿಗೆಲ್ಲ ಈ ಲ್ಯಾಬಲ್ಲಿ ಅಕ್ಕ ಇಲ್ಲ. ಅದಕ್ಕೆ ಅವರ ಮಕ್ಕಳು ಹಾಗೇ ಇರಲಿ ಅಂತ ಒಪ್ಕೊಂಡು ಬಂದ್ಯಾ?"

"ಸಮಿತಿ ಕೂತ್ರೆ ಪುಟ್ಟಿಗೆ ತಡ ಆಗತ್ತೆ ಕಣೇ. ಹೋದ ಬಲ ವಾಪಸ್ ಬರಲ್ಲ. ನಿನಗೆ ಅರ್ಥ ಆಗ್ತಿದೆಯಾ?"

"ನನಗೆ ಅರ್ಥ ಆಗ್ದೆ ಇನ್ಯಾರಿಗೆ ಆಗತ್ತೆ? ದಿನಾ ಎತ್ತಿಕೊಂಡು ಮೆಟ್ಟಿಲು ಹತ್ತೋಳು ನಾನು." ತಂಗಿ ಎದ್ದು ನಿಂತಳು. "ಬಾಗಿಲು ಜೋರಾಗಿ ಹಾಕಿದ್ರು ಅಂತ ಬೀದಿಗೆಲ್ಲಾ ಕೇಳೋ ಹಾಗೆ ಕೂಗ್ತೀಯಲ್ಲ. ಇವತ್ತು ಎಲ್ಲಿ ಹೋಯ್ತೇ ನಿನ್ನ ಸಿಟ್ಟು?"

ಹುಟ್ಟಿದಾಗಿನಿಂದ ತಂಗಿ ಹಾಗೆ ಮಾತಾಡಿದ್ದನ್ನು ಸಿಡುಕಿ ಕೇಳಿರಲಿಲ್ಲ. ಕೆನ್ನೆಗೆ ಬಾರಿಸಿದಂತಾಯಿತು. ಕಂಪ್ಯೂಟರಿನ ಮುಂದೆ ಕೂತು ಬರೆಯತೊಡಗಿದಳು. ಪ್ರೋಗ್ರಾಂ ಬಳಸುವ ಎಲ್ಲ ಆಸ್ಪತ್ರೆಗಳಿಗೂ ಒಂದೇ ಒಕ್ಕಣೆ: ನಮ್ಮ ಲೆಕ್ಕ ತಪ್ಪು, ಜೋಡಿಯಾಗಿರುವ ಪ್ರೋಟೀನುಗಳಲ್ಲಿ ಜೊತೆಯದ್ದನ್ನು ಬಿಟ್ಟು ಅಳೆದಿದ್ದೇವೆ, 'ನಿರಪಾಯ' ಎಂದದ್ದನ್ನೆಲ್ಲ ಮತ್ತೆ ನೋಡಿ. ಕೆಳಗೆ ತನ್ನ ಹೆಸರು ಹಾಕಿದಳು. ಕೂಗಲಿಲ್ಲ, ಕುರ್ಚಿ ತಳ್ಳಲಿಲ್ಲ. ಕಳಿಸಿದಳು.

ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳತೊಡಗಿತು. ಮುಖ್ಯಸ್ಥರ ಕೋಣೆಯಿಂದ. ತಂಗಿಯೇ ಎತ್ತಿಕೊಂಡಳು.

"ಅಕ್ಕ ಕೆಲಸದಲ್ಲಿದ್ದಾಳೆ. ಏನಿದ್ರೂ ನನ್ನ ಹತ್ರ ಹೇಳಿ."

ಮುಖ್ಯಸ್ಥರು ಹೇಳಿದಂತೆಯೇ ಆಯಿತು. ಸಮಿತಿ ಕೂತಿತು, ಎದ್ದಿತು, ಮತ್ತೆ ಕೂತಿತು. ಬೇರೆ ಊರಿನ ಆಸ್ಪತ್ರೆಗಳು ಯಾವ ಸಮಿತಿಗೂ ಕಾಯದೆ ಮಕ್ಕಳನ್ನು ವಾಪಸ್ ಕರೆಸಿದವು. ಪುಟ್ಟಿಯ ಆಸ್ಪತ್ರೆ ಮಾತ್ರ ಮುಖ್ಯಸ್ಥರ ಕಾಗದ ಬರಲಿ ಎಂದು ಕೈಕಟ್ಟಿ ಕೂತಿತು. ಔಷಧಿ ಬಂತು, ತಡವಾಗಿ ಬಂತು. ಅಷ್ಟರಲ್ಲಿ ಪುಟ್ಟಿಗೆ ಅಡುಗೆಮನೆಯ ಗಿಡ್ಡ ಸ್ಟೂಲನ್ನು ಹತ್ತಲು ಆಗದಂತಾಗಿತ್ತು. ಮೊದಲು ತಾನೇ ಹತ್ತಿ ಕೂರುತ್ತಿದ್ದಳು. ಈಗ ಸ್ಟೂಲಿನ ಪಕ್ಕ ನಿಂತು, "ದೊಡ್ಡಮ್ಮ, ಎತ್ತು," ಎನ್ನುತ್ತಾಳೆ.

ಸಿಡುಕಿ ಎತ್ತಿ ಕೂರಿಸುತ್ತಾಳೆ. ಎತ್ತಿದಾಗಲೆಲ್ಲ ಅವಳ ಮುಖ ಕೆಂಪಾಗುತ್ತದೆ. ಯಾರ ಮೇಲೆ ಸಿಟ್ಟು ಎಂದು ತಂಗಿ ಕೇಳುವುದಿಲ್ಲ.